‘ಅಂಟಿನಲ್ಲಿ ನೀರೇ ಇಲ್ಲವಲ್ಲ ಮಿಸ್’: ಕಾರಿನ ರೂಫ್ ಲೈನಿಂಗ್ ಮತ್ತು ಆವಿಯಾಗುವಿಕೆಯ ಪಾಠ

ತರಗತಿ: 9. ವಿಷಯ: ವಿಜ್ಞಾನ. ಘಟಕ: ನಮ್ಮ ಸುತ್ತಲಿನ ದ್ರವ್ಯಗಳು. ಉಪಘಟಕ: ಆವಿಯಾಗುವಿಕೆಯ ಮೇಲೆ ಪ್ರಭಾವ ಬೀರುವ ಅಂಶಗಳು. ಅವಧಿ: 40 ನಿಮಿಷಗಳ ಎರಡು ತರಗತಿ (ಯೋಜಿಸಿದ್ದು ಒಂದೇ).

ಬೋಧನಾಭ್ಯಾಸದಲ್ಲಿ ನಾನು ಮಾಡಿದ ಪಾಠಗಳ ಪೈಕಿ ವೀಕ್ಷಕರಿಂದ ಅತಿ ಹೆಚ್ಚು ಅಂಕ ಬಂದದ್ದು ಈ ಪಾಠಕ್ಕೆ. ಆ ಪಾಠದಲ್ಲಿ ನಾನು ಕಪ್ಪುಹಲಗೆಯ ಮೇಲೆ ಬರೆದ ಮುಖ್ಯ ವಾಕ್ಯ ತಪ್ಪಾಗಿತ್ತು. ವೀಕ್ಷಣಾ ನಮೂನೆಯಲ್ಲಿ ‘ಸ್ಥಳೀಯ ಉದಾಹರಣೆಯ ಬಳಕೆ ಉತ್ತಮ’ ಎಂದು ಬರೆದಿದೆ. ಉದಾಹರಣೆ ಉತ್ತಮವೇ ಆಗಿತ್ತು, ನಾನು ಅದರಿಂದ ತೆಗೆದ ತೀರ್ಮಾನ ಸರಿ ಇರಲಿಲ್ಲ. ಅದನ್ನು ಹಿಡಿದದ್ದು ಮೂರನೇ ಬೆಂಚಿನ ಒಬ್ಬ ಹುಡುಗಿ. ತಪ್ಪು ಹೇಗೆ ಆಯಿತು, ಎರಡನೇ ತರಗತಿಯಲ್ಲಿ ಅದನ್ನು ಹೇಗೆ ತಿದ್ದಲು ನೋಡಿದೆ ಎಂಬುದನ್ನು ನಡೆದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಇದೇ ಉಪಘಟಕವನ್ನು ಮಳೆಗಾಲದಲ್ಲಿ ಮಲೆನಾಡಿನ ಶಾಲೆಯೊಂದರಲ್ಲಿ ಮಾಡಬೇಕಾಗುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು.

ನನಗೆ ಹಂಚಿಕೆಯಾದದ್ದು ಕಳಸಕ್ಕೆ ಹತ್ತಿರದ ಒಂದು ಪ್ರೌಢಶಾಲೆ. ನಮ್ಮ ಮನೆಯೂ ಅದೇ ಸೀಮೆಯಲ್ಲಿ, ಎರಡು ಎಕರೆ ಕಾಫಿ, ಒಂದಿಷ್ಟು ಅಡಿಕೆ. ಜುಲೈ ಮೊದಲ ವಾರ. ಭದ್ರೆ ತುಂಬಿ ಹರಿಯುತ್ತಿದ್ದಳು. ಹೆಬ್ಬಾಳೆ ಸೇತುವೆಯ ಮೇಲೆ ನೀರು ಬಂದರೆ ಹೊರನಾಡು ಕಡೆಯ ಮಕ್ಕಳು ಶಾಲೆಗೆ ಬರುವಂತಿರಲಿಲ್ಲ.

ಪಠ್ಯಪುಸ್ತಕವು ಆವಿಯಾಗುವಿಕೆಯ ದರವನ್ನು ನಾಲ್ಕು ಅಂಶಗಳೊಂದಿಗೆ ಜೋಡಿಸುತ್ತದೆ: ಮೇಲ್ಮೈ ವಿಸ್ತೀರ್ಣ, ತಾಪ, ಆರ್ದ್ರತೆ, ಗಾಳಿಯ ವೇಗ. ಒಗೆದ ಬಟ್ಟೆ, ಬೇಸಿಗೆಯ ಮಡಕೆ, ಮರುಭೂಮಿ ಪ್ರದೇಶದ ಕೂಲರ್ ಅಲ್ಲಿನ ಉದಾಹರಣೆಗಳು. ನಮ್ಮ ಮಕ್ಕಳು ಜುಲೈನಲ್ಲಿ ಬಟ್ಟೆ ಆರುವುದನ್ನು ನೋಡುವುದು ಒಲೆಯ ಮೇಲಿನ ಗಳದಲ್ಲಿ ಮಾತ್ರ. ಕೂಲರನ್ನು ಅವರು ಕಂಡೇ ಇಲ್ಲ. ಮಕ್ಕಳ ಪೂರ್ವಜ್ಞಾನದಿಂದ ಪಾಠ ಹೊರಡಬೇಕು ಎಂದು ಕಾಲೇಜಿನಲ್ಲಿ ಎರಡು ಸೆಮಿಸ್ಟರ್ ಕೇಳಿದ್ದೇನೆ. ಹಾಗಾಗಿ ನಾನು ಹೊರಟದ್ದು ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದ ಕಾರಿನಿಂದ.

ಕಾರು 2004ರದ್ದು. ಎಂಜಿನ್‌ಗೆ ಏನೂ ಆಗಿಲ್ಲ. ಒಳಗಡೆ ಚಾವಣಿಗೆ ಹಾಕಿದ ಬಟ್ಟೆ, ಗ್ಯಾರೇಜಿನವರು ರೂಫ್ ಲೈನಿಂಗ್ ಎನ್ನುತ್ತಾರಲ್ಲ, ಅದು ಎರಡು ವರ್ಷದಿಂದ ಸ್ವಲ್ಪಸ್ವಲ್ಪವೇ ಬಿಡುತ್ತಾ ಬಂದು ಈ ಸಲದ ಮಳೆಗೆ ಮಧ್ಯದಲ್ಲಿ ಪೂರ್ತಿ ಜೋತುಬಿತ್ತು. ಹಿಂದೆ ಕುಳಿತವರ ತಲೆಗೆ ತಾಗುತ್ತಿತ್ತು. ಅದಕ್ಕಿಂತ ಕಷ್ಟ, ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಅರ್ಧ ಮುಚ್ಚಿಹೋಗುತ್ತಿತ್ತು. “ಎಂಥ ಮಾರಾಯ್ತಿ, ತಲೆ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಕಾರು ಬಿಟ್ಟ ಹಾಗಾಯ್ತು” ಎಂದರು ಅಪ್ಪ. ಗುಂಡುಪಿನ್ನು ಚುಚ್ಚಿ ನೋಡಿದರು. ಮರಗೆಲಸದ ಬಿಳಿ ಅಂಟನ್ನು ಸಿರಿಂಜಿನಲ್ಲಿ ಹಿಂಭಾಗಕ್ಕೆ ಬಿಟ್ಟರು. ಒಂದು ರಾತ್ರಿಯೂ ನಿಲ್ಲಲಿಲ್ಲ.

ಅದು ಏಕೆ ನಿಲ್ಲಲಿಲ್ಲ ಎಂಬುದು ಬಿಚ್ಚಿದ ಮೇಲೆ ಗೊತ್ತಾಯಿತು. ಇಂತಹ ಲೈನಿಂಗಿನಲ್ಲಿ ಮೂರು ಪದರ ಇರುತ್ತವೆ. ಮೇಲೆ, ಅಂದರೆ ತಗಡಿನ ಕಡೆಗೆ, ಚಾವಣಿಯ ಆಕಾರಕ್ಕೇ ಅಚ್ಚೊತ್ತಿದ ರಟ್ಟಿನಂತಹ ಹಲಗೆ. ಅದರ ಕೆಳಗೆ ಕೆಲವೇ ಮಿಲಿಮೀಟರ್ ದಪ್ಪದ ಫೋಮ್. ಫೋಮಿಗೆ ಬೆಸೆದ ತೆಳು ಬಟ್ಟೆ. ಬಟ್ಟೆ ಬೀಳುವುದು ಅಂಟು ಬಿಟ್ಟಿದ್ದಕ್ಕೆ ಎಂದೇ ಎಲ್ಲರೂ ತಿಳಿಯುತ್ತೇವೆ. ಹೆಚ್ಚಾಗಿ ಸಾಯುವುದು ನಡುವಿನ ಫೋಮ್. ಕೈಯಿಂದ ಉಜ್ಜಿದರೆ ಕಿತ್ತಳೆ-ಕಂದು ಬಣ್ಣದ ಪುಡಿಯಾಗಿ ಉದುರಿತು. ಹಲಗೆಯ ಮೇಲೆ ಪುಡಿ, ಬಟ್ಟೆಯ ಬೆನ್ನಿಗೆ ಪುಡಿ. ನಡುವೆ ಎಂಥ ಅಂಟು ಬಿಟ್ಟರೂ ಅದು ಪುಡಿಗೆ ಪುಡಿಯನ್ನು ಅಂಟಿಸುತ್ತದೆ, ಅಷ್ಟೆ.

ಈ ಫೋಮ್ ಪಾಲಿಯುರೇಥೇನ್. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಅವರ ಸಹೋದ್ಯೋಗಿಗಳು ಮೊದಲು ತಯಾರಿಸಿದ ಪಾಲಿಮರ್ ಜಾತಿ ಇದು. ಗಾಳಿಯ ತೇವ ಮತ್ತು ಶಾಖ ವರ್ಷಗಟ್ಟಲೆ ಸೇರಿ ಅದರ ಉದ್ದ ಸರಪಳಿಗಳನ್ನು ತುಂಡರಿಸುತ್ತವೆ. ನೀರಿನಿಂದ ಆಗುವ ಈ ವಿಭಜನೆಗೆ ಜಲವಿಭಜನೆ ಎನ್ನುತ್ತೇವೆ. ಮಲೆನಾಡಿನವರಿಗೆ ಇದು ಹೊಸದಲ್ಲ. ಮದುವೆಗೆಂದು ತಂದು ಒಂದೆರಡು ಸಲ ಹಾಕಿ ಪೆಟ್ಟಿಗೆಯಲ್ಲಿಟ್ಟ ಶೂ ನಾಲ್ಕು ಮಳೆಗಾಲ ಕಳೆದು ತೆಗೆದರೆ ಅಟ್ಟೆ ರವೆಯಂತೆ ಉದುರುತ್ತದೆ. ಎಷ್ಟೋ ಅಟ್ಟೆಗಳೂ ಪಾಲಿಯುರೇಥೇನೇ. ನೆನಪಿಡಿ, ಇಲ್ಲಿ ಆರ್ದ್ರತೆ ನಿಜವಾದ ಅಪರಾಧಿ. ಮುಂದೆ ನಾನು ಅದರ ಮೇಲೆ ಮಾಡದ ಅಪರಾಧವನ್ನೂ ಹೊರಿಸಿದೆ.

ಅಪ್ಪನೂ ನಾನೂ ಒಂದು ಭಾನುವಾರ ಹಲಗೆಯನ್ನೇ ಹೊರಗೆ ತೆಗೆದೆವು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ರೂಫ್ ಲೈಟ್, ಎರಡು ಸನ್ ವೈಸರ್, ಹಿಡಿಕೆಗಳು, ಕಂಬಗಳ ಪ್ಲಾಸ್ಟಿಕ್ ಪಟ್ಟಿಗಳು, ಬಾಗಿಲಿನ ಬೀಡಿಂಗ್ ರಬ್ಬರ್ ಎಲ್ಲ ತೆಗೆದ ಮೇಲೆ ಹಲಗೆ ಸಡಿಲವಾಗುತ್ತದೆ. ಮುಂದಿನ ಸೀಟುಗಳನ್ನು ಮಲಗಿಸಿ ಹಿಂಬಾಗಿಲಿನಿಂದ ಎಳೆದುಕೊಂಡೆವು. ಹೆಚ್ಚು ಬಗ್ಗಿಸಿದರೆ ಮಡಿಕೆ ಬಿದ್ದು ಆ ಗುರುತು ಶಾಶ್ವತವಾಗಿ ಉಳಿಯುತ್ತದೆ, ಇಬ್ಬರಿಲ್ಲದೆ ಆಗದ ಕೆಲಸ. ಒಣ ಬ್ರಷ್ಷಿನಲ್ಲಿ ಪುಡಿಯನ್ನೆಲ್ಲ ಉಜ್ಜಿ ತೆಗೆಯಲು ಎರಡು ಗಂಟೆ ಹಿಡಿಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಸಂಜೆಯವರೆಗೆ ಸೀನು.

ಆಮೇಲೆ ಫೋಮ್ ಸಹಿತ ಬರುವ ಹೊಸ ಬಟ್ಟೆ, ಒಂದು ಡಬ್ಬಿ ರಬ್ಬರ್ ಅಂಟು. ಕುಶನ್ ಕೆಲಸದವರು ಇದನ್ನು ಸಲ್ಯೂಷನ್ ಎನ್ನುತ್ತಾರೆ. ಸಂಶ್ಲೇಷಿತ ರಬ್ಬರನ್ನು ಟಾಲ್ಯೂಯಿನ್‌ನಂತಹ ದ್ರಾವಕದಲ್ಲಿ ಕರಗಿಸಿದ್ದು. ಎರಡೂ ಮೇಲ್ಮೈಗೆ ಹಚ್ಚಿ, ದ್ರಾವಕ ಹಾರಿಹೋಗುವವರೆಗೆ ಕಾದು, ಬೆರಳಿಗೆ ಜಿಗುಟಾಗಿಯೂ ಅಂಟದೆಯೂ ಇರುವ ಹಂತದಲ್ಲಿ ಒತ್ತಬೇಕು. ಎರಡು ರಬ್ಬರ್ ಪೊರೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಾವೂ ಹಾಗೆಯೇ ಮಾಡಿದೆವು. ಹೊರಗೆ ಮಳೆ ಹೊಯ್ಯುತ್ತಿತ್ತು, ಕಣದ ಪಕ್ಕದ ಶೆಡ್ಡಿನಲ್ಲಿ ಕೆಲಸ. ಐದು ನಿಮಿಷಕ್ಕೆ ಅಂಟಿನ ಮೇಲೆ ತೆಳ್ಳಗೆ ಬೆಳ್ಳನೆಯ ಮಂಜು ಕವಿದಂತೆ ಕಂಡಿತು. ಆರುತ್ತಿದೆ ಅಂದುಕೊಂಡೆವು. ಹದಿನೈದು ನಿಮಿಷಕ್ಕೆ ಒತ್ತಿದೆವು. ಅಂಟಿದಂತೆಯೇ ಇತ್ತು. ಮೂರನೇ ದಿನ ಅಪ್ಪ ಸಂಸೆಗೆ ಹೋಗಿ ಬರುವಾಗ ತಿರುವೊಂದರಲ್ಲಿ ಇಡೀ ಬಟ್ಟೆ ಪರದೆಯಂತೆ ಇಳಿದು ಹೆಗಲ ಮೇಲೆ ಕುಳಿತಿತು. ಎದುರು ವಾಹನ ಇಲ್ಲದ್ದು ಪುಣ್ಯ.

ಈ ಕಥೆಯನ್ನು ನಾನು ತರಗತಿಯಲ್ಲಿ ಪೀಠಿಕೆಯಾಗಿ ಹೇಳಿದೆ. ಬಿಚ್ಚಿದ ಬಟ್ಟೆಯ ತುಂಡು, ಫೋಮಿನ ಪುಡಿ ತುಂಬಿದ ಬಾಟಲಿ, ಸಲ್ಯೂಷನ್ನಿನ ಖಾಲಿ ಡಬ್ಬಿ, ಇವು ಬೋಧನೋಪಕರಣ. ಮಕ್ಕಳು ನಕ್ಕರು, ಬಟ್ಟೆಯನ್ನು ಕೈಯಿಂದ ಕೈಗೆ ದಾಟಿಸಿದರು. “ಅಂಟು ಏಕೆ ಹಿಡಿಯಲಿಲ್ಲ?” ಎಂದು ಕೇಳಿದೆ. ನಾಲ್ಕು ಅಂಶಗಳನ್ನು ಆಗಷ್ಟೇ ಓದಿಸಿದ್ದೆ. “ಆರ್ದ್ರತೆ ಜಾಸ್ತಿ ಇತ್ತು, ಅದಕ್ಕೆ ಅಂಟು ಆರಲಿಲ್ಲ ಮಿಸ್” ಎಂದು ಹತ್ತು ದನಿ ಒಟ್ಟಿಗೆ ಬಂತು. ನನಗೆ ಬೇಕಾದ ಉತ್ತರವೂ ಅದೇ, ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ ಕಲಮಿನಲ್ಲಿ ಬರೆದದ್ದೂ ಅದೇ. ‘ಗಾಳಿಯ ಆರ್ದ್ರತೆ ಹೆಚ್ಚಿದ್ದರೆ ಆವಿಯಾಗುವಿಕೆ ನಿಧಾನ, ಆದ್ದರಿಂದ ಮಳೆಗಾಲದಲ್ಲಿ ಅಂಟು ಆರುವುದಿಲ್ಲ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಆಗ ಆ ಹುಡುಗಿ ಎದ್ದು ನಿಂತಳು. “ಮಿಸ್, ಗಾಳಿ ತುಂಬ ನೀರಿದೆ, ಅದಕ್ಕೆ ನೀರು ಆರಲ್ಲ. ಸರಿ. ಆದರೆ ಅಂಟಿನಲ್ಲಿ ನೀರೇ ಇಲ್ಲವಲ್ಲ? ನಮ್ಮಣ್ಣ ಬಂಕಿನಲ್ಲಿ ಕೆಲಸ ಮಾಡೋದು. ಕೆಳಗೆ ಚೆಲ್ಲಿದ ಪೆಟ್ರೋಲ್ ಮಳೆಗಾಲದಲ್ಲೂ ನೋಡ್ತಾ ನೋಡ್ತಾ ಹೋಗಿಬಿಡುತ್ತೆ.”

ನನಗೆ ಗಂಟಲು ಒಣಗಿತು. ಹಿಂದಿನ ಬೆಂಚಿನಲ್ಲಿ ವೀಕ್ಷಕರು, ಪಕ್ಕದಲ್ಲಿ ಮಾರ್ಗದರ್ಶಕ ಶಿಕ್ಷಕರು. ಇನ್ನು ಹನ್ನೊಂದು ನಿಮಿಷ ಇತ್ತು, ಮೌಲ್ಯಮಾಪನ ಬಾಕಿ. “ಒಳ್ಳೆಯ ಪ್ರಶ್ನೆ. ಅದನ್ನು ಮುಂದಿನ ತರಗತಿಗಳಲ್ಲಿ ಕಲಿಯುತ್ತೀರಿ” ಎಂದೆ. ಅವಳು ಕುಳಿತಳು. ಈ ವಾಕ್ಯ ನಮ್ಮಲ್ಲಿ ಯಾರಿಗೂ ಅಪರಿಚಿತವಲ್ಲ. ವಿದ್ಯಾರ್ಥಿಯಾಗಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಶಿಕ್ಷಕಿಯಾಗಿ ಮೊದಲ ಸಲ ಹೇಳಿದೆ.

ಪಾಠದ ನಂತರದ ಚರ್ಚೆಯಲ್ಲಿ ಈ ಪ್ರಶ್ನೆಯ ವಿಷಯ ಬರಲೇ ಇಲ್ಲ. ಉಪಕರಣಗಳು ಚೆನ್ನಾಗಿದ್ದವು, ಕಪ್ಪುಹಲಗೆಯ ಬರಹ ನೇರವಾಗಿತ್ತು, ಮಕ್ಕಳ ಪಾಲ್ಗೊಳ್ಳುವಿಕೆ ಇತ್ತು. ನಮೂನೆಯಲ್ಲಿ ಪ್ರಶ್ನೆ ಕೇಳುವ ಕೌಶಲಕ್ಕೆ ಕಲಮು ಇದೆ, ಮಗು ಕೇಳಿದ ಪ್ರಶ್ನೆಗೆ ಏನಾಯಿತು ಎಂಬುದಕ್ಕೆ ಇಲ್ಲ. ಇದು ದೂರಲ್ಲ. ಅಂದು ಕಲಮು ಇಲ್ಲದ್ದು ನನಗೆ ಅನುಕೂಲವೇ ಆಯಿತು.

ಮನೆಗೆ ಬಂದು ಕುಳಿತು ಯೋಚಿಸಿದರೆ ಅವಳು ಹೇಳಿದ್ದೇ ಸರಿ. ದ್ರವ ಆವಿಯಾಗುವುದೆಂದರೆ ಮೇಲ್ಮೈಯ ಕಣಗಳು ಗಾಳಿಗೆ ಹೊರಡುವುದು. ಗಾಳಿಯಲ್ಲಿರುವ ಅದೇ ಬಗೆಯ ಕಣಗಳಲ್ಲಿ ಕೆಲವು ವಾಪಸ್ಸು ಬಂದು ಮೇಲ್ಮೈಗೆ ಸೇರುತ್ತಲೂ ಇರುತ್ತವೆ. ಜುಲೈನ ಕಳಸದಲ್ಲಿ ನೀರಿನ ಕಣಗಳು ಹೊರಟಷ್ಟೇ ಹೆಚ್ಚುಕಡಿಮೆ ವಾಪಸ್ಸಾಗುತ್ತವೆ, ಅದಕ್ಕೇ ಬಟ್ಟೆ ಆರುವುದಿಲ್ಲ. ಟಾಲ್ಯೂಯಿನ್ ಕಣಗಳಿಗೆ ಆ ತೊಂದರೆ ಇಲ್ಲ. ಗಾಳಿಯಲ್ಲಿ ಎಷ್ಟು ನೀರಿದ್ದರೂ ಟಾಲ್ಯೂಯಿನ್ ಇಲ್ಲವಲ್ಲ. ಮಳೆಗಾಲದ ತಂಪಿಗೆ ಅದೂ ಸ್ವಲ್ಪ ನಿಧಾನವಾಗುತ್ತದೆ, ನಿಜ. ಆದರೆ ಅದು ‘ತಾಪ’ ಎಂಬ ಅಂಶದ ಕೆಲಸ, ‘ಆರ್ದ್ರತೆ’ಯದ್ದಲ್ಲ. ಪಠ್ಯಪುಸ್ತಕದ ವಾಕ್ಯ ನೀರಿಗೆ ಸರಿ. ಅದನ್ನು ಎಲ್ಲ ದ್ರವಕ್ಕೂ ಹಿಗ್ಗಿಸಿದ್ದು ನಾನು.

ಹಾಗಾದರೆ ಅಂಟು ಏಕೆ ಹಿಡಿಯಲಿಲ್ಲ? ಬೆಳ್ಳನೆಯ ಮಂಜು ಏನು? ಬ್ರಷ್ಷಿನಲ್ಲಿ ದಪ್ಪಕ್ಕೆ ಹಚ್ಚಿದ್ದು ಒಂದು ಕಾರಣ ಇರಬಹುದು. ಮೇಲೆ ಪೊರೆ ಕಟ್ಟಿ ಒಳಗಿನ ದ್ರಾವಕ ಸಿಕ್ಕಿಬೀಳುತ್ತದೆ. ಮಂಜಿಗೆ ಮಾತ್ರ ಅದು ಉತ್ತರವಾಗುವುದಿಲ್ಲ. ಉತ್ತರ ಸಿಕ್ಕಿದ್ದು ಮೂಡಿಗೆರೆಯ ಒಂದು ಕುಶನ್ ಅಂಗಡಿಯಲ್ಲಿ. ಬಟ್ಟೆಯ ಅಳತೆ ಕೇಳುವ ನೆಪದಲ್ಲಿ ಹೋಗಿದ್ದೆ. ಅಲ್ಲಿನ ಹಿರಿಯರು ಕತ್ತೆತ್ತದೆ ಸೀಟು ಹೊಲಿಯುತ್ತಲೇ ಹೇಳಿದರು: “ಮಳೆ ಹೊಯ್ಯುವಾಗ ಸಲ್ಯೂಷನ್ ಹಚ್ಚಬಾರದು ಮೇಡಂ, ಹಾಲು ಕಟ್ಟುತ್ತೆ. ಹಚ್ಚಲೇಬೇಕು ಅಂದ್ರೆ ಮೊದಲು ಹಲಗೆ ಬೆಚ್ಚಗೆ ಮಾಡ್ಕೋಬೇಕು. ತಣ್ಣಗಿದ್ದರೆ ನೀರು ಹಿಡಿಯುತ್ತೆ.”

ಹಾಲು ಕಟ್ಟುತ್ತೆ, ನೀರು ಹಿಡಿಯುತ್ತೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ, ಕೊಟ್ಟಿಗೆಹಾರ ದಾಟಿದ ಮೇಲೆ ಕಿಟಕಿಯ ಗಾಜಿಗೆ ಒಳಗಿಂದ ಮಬ್ಬು ಕವಿದಿದ್ದನ್ನು ಬೆರಳಲ್ಲಿ ಒರೆಸುತ್ತಾ ಹೊಳೆಯಿತು. ಆವಿಯಾಗುವಾಗ ದ್ರಾವಕ ಮೇಲ್ಮೈಯಿಂದ ಶಾಖವನ್ನು ಕಸಿದುಕೊಂಡು ಹೋಗುತ್ತದೆ. ಮೇಲ್ಮೈ ತಣ್ಣಗಾಗುತ್ತದೆ. ಸುತ್ತಲಿನ ಗಾಳಿ ನೀರಾವಿಯಿಂದ ತುಂಬಿರುವಾಗ ಆ ತಣ್ಣನೆಯ ಅಂಟಿನ ಮೇಲೆ ನೀರು ಸಾಂದ್ರೀಕರಿಸಿ ಕಣ್ಣಿಗೆ ಮಂಜಿನಂತೆ ಕಾಣುತ್ತದೆ. ಎರಡು ರಬ್ಬರ್ ಪೊರೆಗಳ ನಡುವೆ ನೀರಿನ ತೆಳು ಪದರ ಇಟ್ಟು ನಾವು ಒತ್ತಿದ್ದೆವು. ಅಂಟು ಆರಿರಲಿಲ್ಲ ಎನ್ನುವುದಕ್ಕಿಂತ ಅದು ಆರುವ ಭರದಲ್ಲಿ ನೀರನ್ನು ಕರೆದುಕೊಂಡಿತ್ತು ಎನ್ನಬೇಕು.

ನನಗೆ ನಾಚಿಕೆಯಾದದ್ದು ಪುಸ್ತಕ ತೆರೆದಾಗ. ಅಂಗೈಗೆ ಅಸಿಟೋನ್ ಸುರಿದರೆ ತಂಪಾಗುವುದು, ಮಂಜುಗಡ್ಡೆ ನೀರಿನ ಲೋಟದ ಹೊರಮೈಯಲ್ಲಿ ಹನಿ ಕಟ್ಟುವುದು, ಎರಡೂ ಅದೇ ಉಪಘಟಕದಲ್ಲೇ ಇವೆ. ಉತ್ತರದ ಎರಡು ಅರ್ಧಗಳನ್ನೂ ನಾನು ಮಕ್ಕಳಿಂದ ಓದಿಸಿದ್ದೆ, ಜೋಡಿಸಿರಲಿಲ್ಲ.

ಮರುದಿನ ಮಾರ್ಗದರ್ಶಕ ಶಿಕ್ಷಕರಿಗೆ ವಿಷಯ ಹೇಳಿ ಇನ್ನೊಂದು ಅವಧಿ ಕೇಳಿದೆ. ಅಂಕ ಹೋಗುತ್ತದೆಯೇನೋ ಎಂಬ ಅಳುಕು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಅದು ಹೊಳೆದಿರಲಿಲ್ಲ ಕಣಮ್ಮ. ಶನಿವಾರ ನನ್ನ ಅವಧಿ ತಗೋ, ನಾನೂ ಕೂರ್ತೀನಿ” ಎಂದರು.

ಶನಿವಾರದ ತರಗತಿಯಲ್ಲಿ ಮೊದಲು ಹಿಂದಿನ ದಿನದ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಮತ್ತೆ ಬರೆದು, “ಇದರ ಎರಡನೇ ಅರ್ಧ ತಪ್ಪು. ನಾನು ಬರೆಸಿದ್ದು. ಇವತ್ತು ಪರೀಕ್ಷಿಸೋಣ” ಎಂದೆ. ಮಕ್ಕಳು ಗುಸುಗುಸು ಮಾಡಿದರು. ಒಬ್ಬ ಹುಡುಗ ನೋಟ್ಸಿನಲ್ಲಿ ಆ ಸಾಲನ್ನು ಆಗಲೇ ಹೊಡೆದುಹಾಕಲು ಹೊರಟ. ಕೊನೆಯವರೆಗೆ ಹೊಡೆಯಬೇಡ ಎಂದೆ.

ಪ್ರಯೋಗಶಾಲೆಯ ಮೂರು ತಾಪಮಾಪಕಗಳನ್ನು ಒಂದೇ ಸ್ಟ್ಯಾಂಡಿಗೆ ತೂಗುಹಾಕಿದೆವು. ಮೊದಲನೆಯದು ಒಣ. ಎರಡನೆಯದರ ಬುಡಕ್ಕೆ ನೀರಲ್ಲಿ ಅದ್ದಿದ ಹತ್ತಿ. ಮೂರನೆಯದಕ್ಕೆ ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿ (ಇದು ಬಹುಪಾಲು ಅಸಿಟೋನ್, ಕೊಳ್ಳುವಾಗ ಲೇಬಲ್ ನೋಡಿ). ಇಬ್ಬರು ರಟ್ಟಿನಿಂದ ಬೀಸಿದರು, ಮೂವರು ಓದಿದರು. ಕಿಟಕಿ ಬಾಗಿಲು ಪೂರ್ತಿ ತೆರೆದಿದ್ದೆವು. ಮೂರು ನಿಮಿಷಕ್ಕೆ ಒಣದ್ದು 22 ಡಿಗ್ರಿ ಸೆಲ್ಸಿಯಸ್, ನೀರಿನದ್ದು 21, ಅಸಿಟೋನಿನದ್ದು 11.

ಈ ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ನಾನು ಸುಮ್ಮನಿದ್ದೆ. ಒಂದೇ ಕೋಣೆ, ಒಂದೇ ಗಾಳಿ. ನೀರು ಒಂದು ಡಿಗ್ರಿಗಿಂತ ಹೆಚ್ಚು ಇಳಿಯಲಾರದಷ್ಟು ಗಾಳಿ ತೇವವಾಗಿದೆ. ಅದೇ ಗಾಳಿಯಲ್ಲಿ ಅಸಿಟೋನ್ ಯಾವ ಅಡ್ಡಿಯೂ ಇಲ್ಲದೆ ಹಾರುತ್ತಿದೆ. ಒಬ್ಬ ಹುಡುಗ ಕೇಳಿದ: “ಹೊರನಾಡು ಬಸ್ಸು ತುಂಬಿದ್ರೆ ಶೃಂಗೇರಿ ಬಸ್ಸಿಗೇನು ಅಲ್ವಾ ಮಿಸ್?” ತರಗತಿ ನಕ್ಕಿತು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಆದರೂ ಅಧ್ಯಾಪಕರ ಗಮನಕ್ಕೆ ಒಂದು ಮಾತು. ಈ ಹೋಲಿಕೆ ಉತ್ತರವನ್ನು ಸರಿಮಾಡಿ ಇನ್ನೊಂದು ತಪ್ಪು ಕಲ್ಪನೆಯನ್ನು ಗಟ್ಟಿಮಾಡುತ್ತದೆ. ಗಾಳಿ ಒಂದು ಪಾತ್ರೆ, ಅದರಲ್ಲಿ ಇಷ್ಟೇ ಸೀಟು ಎಂಬ ಕಲ್ಪನೆ. ನಿಜದಲ್ಲಿ ನಡೆಯುವುದು ಹೊರಡುವ ಮತ್ತು ಮರಳುವ ಕಣಗಳ ಲೆಕ್ಕಾಚಾರ. ನಾನು ಅಂದು ಅದನ್ನು ಬಿಡಿಸಲು ಹೋಗಲಿಲ್ಲ, ಒಂದು ತರಗತಿಗೆ ಒಂದು ತಿದ್ದುಪಡಿ ಸಾಕೆನಿಸಿತು. ಹಾಗೆ ಬಿಟ್ಟದ್ದು ಸರಿಯೇ ಎಂಬ ಬಗ್ಗೆ ನನಗೂ ಮಾರ್ಗದರ್ಶಕರಿಗೂ ಇನ್ನೂ ಒಮ್ಮತವಿಲ್ಲ.

ಒಣ 22, ಒದ್ದೆ 21 ಎಂದರೆ ಕೋಷ್ಟಕದ ಪ್ರಕಾರ ಸಾಪೇಕ್ಷ ಆರ್ದ್ರತೆ ಸುಮಾರು 92 ಶೇಕಡಾ. ಅಂತಹ ಗಾಳಿಯ ಇಬ್ಬನಿ ಬಿಂದು ಸುಮಾರು 20.5 ಡಿಗ್ರಿ. ಅಂದರೆ ಯಾವುದೇ ವಸ್ತು ಒಂದೂವರೆ ಡಿಗ್ರಿ ತಣ್ಣಗಾದರೆ ಸಾಕು, ಅದರ ಮೇಲೆ ನೀರು ಕೂರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ 30 ಡಿಗ್ರಿ, 40 ಶೇಕಡಾ ಆರ್ದ್ರತೆ ಎಂದಿಟ್ಟುಕೊಂಡರೆ ಇಬ್ಬನಿ ಬಿಂದು 15ರ ಹತ್ತಿರ, ಅಲ್ಲಿ ಹದಿನೈದು ಡಿಗ್ರಿ ಇಳಿಯಬೇಕು. ಅದೇ ಡಬ್ಬಿ, ಅದೇ ಅಂಟು ಅಲ್ಲಿ ಹಿಡಿದು ಇಲ್ಲಿ ಬಿಡುವುದು ಏಕೆಂದು ಈ ಎರಡು ಲೆಕ್ಕ ತೋರಿಸುತ್ತದೆ. ಕೋಷ್ಟಕವನ್ನು 9ನೇ ತರಗತಿಗೆ ಕೊಡಲಿಲ್ಲ. ‘ಒಂದೂವರೆ ಡಿಗ್ರಿ ಸಾಕು’ ಎಂಬುದನ್ನಷ್ಟೇ ಹೇಳಿದೆ.

ಮೂರನೇ ತಾಪಮಾಪಕದ ಹತ್ತಿಯನ್ನು ಹುಡುಗಿಯ ಕೈಗೆ ಕೊಟ್ಟೆ. ವಾಸನೆ ಹೋಗಿತ್ತು, ಒದ್ದೆ ಉಳಿದಿತ್ತು. “ಈ ನೀರು ಗಾಳಿಯಿಂದ ಬಂತು” ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಾರ್ಗದರ್ಶಕರು, “ಬಾಟಲಿಯಲ್ಲೇ ನೀರು ಬೆರೆಸಿರಬಹುದಲ್ಲ?” ಎಂದರು. ಲೇಬಲ್ ಓದಿದರೆ ಹೌದು, ನೀರೂ ಇದೆ. ಎರಡನೇ ಸಲ ಗಂಟಲು ಒಣಗುವ ಹೊತ್ತು. ಆದರೆ ಈ ಸಲ ತರಗತಿಯೇ ನೆರವಿಗೆ ಬಂತು. ದ್ರವ ಒಳಗಿದ್ದು ತಂಪು ಮಾತ್ರ ಹೊರಗೆ ಬರಬೇಕು, ಲೋಟದ ಹಾಗೆ, ಎಂದು ಮುಂದಿನ ಬೆಂಚಿನವನು ಹೇಳಿದ. ಅಡುಗೆಯವರಿಂದ ಹೊಳೆಯುವ ಸ್ಟೀಲ್ ಲೋಟ ತಂದೆವು. ತಳದಲ್ಲಿ ಎರಡು ಚಮಚ ದ್ರವ ಹಾಕಿ ಸೈಕಲ್ ಪಂಪಿನ ಕೊಳವೆಯಿಂದ ನಿಧಾನವಾಗಿ ಗಾಳಿ ಬಿಟ್ಟೆವು. ಒಂದು ನಿಮಿಷ ತುಂಬುವ ಮೊದಲೇ ಲೋಟದ ಹೊರಮೈ ಕೆಳಗಿನಿಂದ ಮಬ್ಬಾಗುತ್ತಾ ಬಂತು. ಮಗುವೊಂದು ಬೆರಳಲ್ಲಿ ಗೆರೆ ಎಳೆಯಿತು. ಹೊರಗಿನ ನೀರು ಬಾಟಲಿಯಿಂದ ಬಂದಿರಲು ಸಾಧ್ಯವೇ ಇರಲಿಲ್ಲ.

ಇದು ನಾವು ಕಂಡುಹಿಡಿದದ್ದೇನಲ್ಲ ಎಂದು ನನಗೆ ಆಮೇಲೆ ತಿಳಿಯಿತು. 19ನೇ ಶತಮಾನದ ಫ್ರೆಂಚ್ ವಿಜ್ಞಾನಿ ರೆನ್ಯೊ ಅವರ ಆರ್ದ್ರತಾಮಾಪಕ ಇದೇ ಉಪಾಯ. ಬೆಳ್ಳಿಯ ನಳಿಕೆಯಲ್ಲಿ ಈಥರ್ ಹಾಕಿ ಗಾಳಿ ಹಾಯಿಸಿ, ಹೊರಮೈ ಮಬ್ಬಾಗುವ ತಾಪವನ್ನು ಇಬ್ಬನಿ ಬಿಂದು ಎಂದು ಓದುವುದು. ಬಿ.ಎಸ್ಸಿ.ಯಲ್ಲಿ ಚಿತ್ರ ಬರೆದು ಅಂಕ ತೆಗೆದಿದ್ದೆ.

ಸಲ್ಯೂಷನ್ನನ್ನು ತರಗತಿಗೆ ಒಯ್ಯಲಿಲ್ಲ. ಟಾಲ್ಯೂಯಿನ್ ಆವಿ ತಲೆಗೆ ಏರುತ್ತದೆ. ಬೆಂಕಿಗಂತೂ ಅತಿ ಅಪಾಯಕಾರಿ, ಸುಮಾರು 4 ಡಿಗ್ರಿ ತಾಪದಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮನೆಯಲ್ಲಿ ಎರಡು ಸ್ಟೀಲ್ ತಟ್ಟೆಗೆ ಹಚ್ಚಿ, ಒಂದನ್ನು ಹಾಗೇ ಬಿಟ್ಟು ಇನ್ನೊಂದನ್ನು ಹಚ್ಚುವ ಮೊದಲು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಬೆಚ್ಚಗೆ ಮಾಡಿ ಒರೆಸಿ, ಒಣಗಿದ ತಟ್ಟೆಗಳನ್ನಷ್ಟೇ ತಂದಿದ್ದೆ. ಹಾಗೇ ಬಿಟ್ಟದ್ದು ಮಜ್ಜಿಗೆ ಸವರಿದಂತಿತ್ತು, ಬೆಚ್ಚಗಿನದ್ದು ಜೇನು ಸವರಿದಂತೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮಲೆನಾಡಿನಲ್ಲಿ ಒದ್ದೆಯಾದದ್ದನ್ನೆಲ್ಲ ಒಲೆಯ ಹತ್ತಿರ ಒಯ್ಯುವುದು ರೂಢಿ. ಹಚ್ಚಿದ ಹಲಗೆಯನ್ನು ಹಂಡೆಯ ಒಲೆ ಪಕ್ಕ ನಿಲ್ಲಿಸೋಣ ಎಂದು ಅಪ್ಪ ಮೊದಲ ಸಲವೇ ಹೇಳಿದ್ದರು. ಮಕ್ಕಳ ಮುಂದೆ ‘ಬೆಚ್ಚಗೆ ಮಾಡಬೇಕು’ ಎಂದಷ್ಟೇ ಹೇಳಿ ಬಿಟ್ಟರೆ ಅನಾಹುತ. ಬೆಚ್ಚಗೆ ಮಾಡುವುದು ಡಬ್ಬಿ ತೆರೆಯುವ ಮೊದಲು, ಡಬ್ಬಿ ತೆರೆದ ಮೇಲೆ ಆ ಜಾಗದಲ್ಲಿ ಒಲೆ, ಹೇರ್ ಡ್ರೈಯರ್, ಸ್ವಿಚ್ಚು, ಬೀಡಿ ಯಾವುದೂ ಇಲ್ಲ ಎಂದು ನೋಟ್ಸಿನಲ್ಲೇ ಬರೆಸಿದೆ.

ಕೊನೆಗೆ ಕೇಳಿದ ಪ್ರಶ್ನೆ: ಮಳೆಗಾಲದಲ್ಲಿ ನೇಲ್ ಪಾಲಿಶ್ ಆರಲು ತಡವಾದರೆ ಕಾರಣವೇನು? ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ತಾಪ ಕಡಿಮೆ’ ಎಂದು ಬರೆದರು. ಉಳಿದ ಬಹುತೇಕರು ಎರಡು ಪ್ರಯೋಗ ನೋಡಿದ ಮೇಲೂ ‘ಆರ್ದ್ರತೆ’ ಎಂದೇ ಬರೆದಿದ್ದರು. ಶಿಕ್ಷಕರು ಮೊದಲು ಬರೆಸಿದ ವಾಕ್ಯಕ್ಕೆ ಎಷ್ಟು ಬಲವಿದೆ ಎಂದು ಆ ಹಾಳೆಗಳನ್ನು ನೋಡಿದಾಗ ಗೊತ್ತಾಯಿತು. ಈ ಪಾಠವನ್ನು ಮತ್ತೆ ಮಾಡಿದರೆ ಕಾರಿನ ಕಥೆ ಹೇಳಿ, ಕಾರಣ ಬರೆಸದೆ, ನೇರವಾಗಿ ಮೂರು ತಾಪಮಾಪಕಕ್ಕೆ ಹೋಗುತ್ತೇನೆ.

ಲೈನಿಂಗಿನ ವಿಷಯ. ಜುಲೈ ಕೊನೆಯಲ್ಲಿ ಎರಡು ದಿನ ಮಳೆ ಹೊಳವಾಯಿತು. ಹಳೆಯ ಅಂಟನ್ನು ಕೆರೆದು ತೆಗೆದು, ಹಲಗೆಯನ್ನು ಒಂದು ರಾತ್ರಿ ಅಟ್ಟದ ಬಿಸಿಯಲ್ಲಿಟ್ಟೆವು. ಬೆಳಿಗ್ಗೆ ಹತ್ತರ ಮೇಲೆ ಶೆಡ್ಡಿಗೆ ತಂದು, ಹೇರ್ ಡ್ರೈಯರಿನಿಂದ ಇನ್ನಷ್ಟು ಬೆಚ್ಚಗೆ ಮಾಡಿ, ಡ್ರೈಯರನ್ನು ಮನೆಯೊಳಗೆ ಇಟ್ಟು ಬಂದು ಡಬ್ಬಿ ತೆರೆದೆವು. ಈ ಸಲ ಎರಡು ತೆಳು ಲೇಪ. ಅರ್ಧ ಹಲಗೆಗೆ ಮಾತ್ರ ಮೊದಲು. ಬಟ್ಟೆಯನ್ನು ಅರ್ಧ ಮಡಚಿಟ್ಟು, ಮಧ್ಯದಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಹೋಗಬೇಕು. ತಾಗಿದ ಮೇಲೆ ಎತ್ತಿ ಸರಿಮಾಡುವ ಅವಕಾಶವಿಲ್ಲ, ಎತ್ತಿದರೆ ಫೋಮ್ ಹರಿಯುತ್ತದೆ. ರೂಫ್ ಲೈಟಿನ ಗುಳಿಯ ಹತ್ತಿರ ಬಟ್ಟೆಯನ್ನು ಎಳೆಯದೆ ಒಳಕ್ಕೆ ಒತ್ತಬೇಕು. ಎಳೆದು ಕೂರಿಸಿದ ಜಾಗವೇ ಮೊದಲು ಬಿಡುವುದು ಎಂದು ಕುಶನ್ ಅಂಗಡಿಯ ಹಿರಿಯರು ಹೇಳಿದ್ದರು. ಅಂಚಿನಲ್ಲಿ ಎರಡು ಬೆರಳು ಹೆಚ್ಚು ಬಿಟ್ಟು ಹಲಗೆಯ ಬೆನ್ನಿಗೆ ಮಡಿಚಿ ಅಂಟಿಸಿದೆವು. ಒಂದು ದಿನ ಹಾಗೇ ಇಟ್ಟು ಆಮೇಲೆ ಕಾರಿಗೆ ಏರಿಸಿದೆವು. ಎರಡು ಕ್ಲಿಪ್ ಮುರಿದವು.

ಇದನ್ನು ಬರೆಯುವಾಗ ಅಕ್ಟೋಬರ್. ಲೈನಿಂಗ್ ನಿಂತಿದೆ, ಹಿಂದಿನ ಎಡ ಮೂಲೆಯೊಂದು ಬಿಟ್ಟು. ಅಲ್ಲಿ ನಾನು ಎಳೆದಿದ್ದೆ. ಮಾರ್ಗದರ್ಶಕರು ಎರಡನೇ ತರಗತಿಗೂ ಅಂಕ ಕೊಟ್ಟರು, ಮೊದಲನೆಯದಕ್ಕಿಂತ ಎರಡು ಕಡಿಮೆ. ‘ಸಮಯ ನಿರ್ವಹಣೆ ಸುಧಾರಿಸಬೇಕು’ ಎಂದು ಷರಾ. ಗಂಟೆ ಹೊಡೆದು ಏಳು ನಿಮಿಷ ಆಗಿತ್ತು, ಅದು ನ್ಯಾಯವೇ.

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿ ತನ್ನ ನೋಟ್‌ಬುಕ್ಕಿನ ಹಿಂದಿನ ಪುಟ ತೋರಿಸಿದಳು. ಅಲ್ಲಿ ಹೀಗಿತ್ತು: ‘ಶೆಡ್ಡಿನ ಬಾಗಿಲು ಹಾಕಿ ತುಂಬಾ ಅಂಟು ಹಚ್ಚಿದರೆ ಗಾಳಿಯಲ್ಲಿ ಅಂಟಿನ ಆವಿಯೇ ತುಂಬುತ್ತದೆ. ಆಗ ಅಂಟು ಆರುವುದು ನಿಧಾನ ಆಗಬೇಕಲ್ಲವೇ?’ ಉತ್ತರವನ್ನು ನಾನು ಬರೆದುಕೊಡಲಿಲ್ಲ. ಅಸಿಟೋನ್ ಬಾಟಲಿಯಲ್ಲಿ ಅರ್ಧ ಉಳಿದಿತ್ತು, ಅದನ್ನೂ ಮುಚ್ಚಳವಿರುವ ಎರಡು ಗಾಜಿನ ಜಾಡಿಗಳನ್ನೂ ಅವಳ ವಿಜ್ಞಾನ ಶಿಕ್ಷಕರ ಮೇಜಿನ ಮೇಲಿಟ್ಟು ಬಂದೆ.